ಬೆನಿಗ್ನಾ ಅಜ್ಜಿಯ ಕೆಟಲ್

"ಅಜ್ಜಿ, ನಿಜ ಹೇಳಿ. ಮಾಟೆ ಚಹಾಕ್ಕೆ ನೀರು ಕಾಯಿಸೋಕೆ ಕಂಪ್ಯೂಟರ್ ಪ್ಲಗ್ ಕಿತ್ರಾ?"

ನೋರ್ಮಾ ಟೀಚರ್ ಫೋನನ್ನು ಸ್ಪೀಕರಿಗೆ ಹಾಕಿದ್ದರು. ಮಕ್ಕಳೆಲ್ಲ ಕಿಸಕ್ಕೆಂದರು. ಸುಲ್ಮಾ ಮಾತ್ರ ಶಾಲೆಯ ಬಿಳಿ ನಿಲುವಂಗಿಯ ಕೊರಳಿನ ನೀಲಿ ಬೋ ತಿರುಚುತ್ತ ಕುಳಿತಿದ್ದಳು.

ಆ ಕಂಪ್ಯೂಟರ್ ಇರುವುದು ಅರವತ್ತು ಕಿಲೋಮೀಟರ್ ಆಚೆಯ ಹಳ್ಳಿ ಶಾಲೆಯಲ್ಲಿ. ಅದು ಅಲ್ಲಿನ ಹೊಳೆಯ ನೀರಿನ ಮಟ್ಟವನ್ನು ಅಳೆದು ಬರೆದಿಡುತ್ತದೆ. ಸಾಲ್ತೋ ಊರಿನ ಈ ಮಕ್ಕಳು ಲ್ಯಾಪ್‌ಟಾಪಿನ ಪರದೆಯ ಕಪ್ಪು ಕಿಟಕಿಯಲ್ಲಿ ಆಜ್ಞೆಗಳನ್ನು ಟೈಪ್ ಮಾಡಿ, ಇಂಟರ್ನೆಟ್ ಮೂಲಕ ಅದರೊಳಗೆ ಹೋಗಿ, ದಿನವೂ ಮಟ್ಟ ಓದುತ್ತಾರೆ. ನಿನ್ನೆ ಸುಲ್ಮಾಳ ಸರದಿ. ಇಂದು ಬೆಳಿಗ್ಗೆ ಅದು ಉತ್ತರವನ್ನೇ ಕೊಡಲಿಲ್ಲ.

"ಕಿತ್ತ ನೆನಪಿಲ್ಲ ಟೀಚರಮ್ಮ," ಎಂದರು ಆ ಶಾಲೆಯ ಅಡುಗೆಯ ಬೆನಿಗ್ನಾ ಅಜ್ಜಿ. "ಆದ್ರೆ ಆಫ್ ಆಗಿದೆಯಲ್ಲ! ಈ ಮುದಿ ಕೈ ಏನ್ ಮಾಡ್ತೋ. ನಂದೇ ತಪ್ಪಿರಬೇಕು. ಇನ್ಮೇಲೆ ಕರೆಂಟ್ ಕೆಟಲ್ ಬೇಡ, ಒಲೇಲೇ ಕಾಯಿಸ್ಕೋತೀನಿ. ಈಗ ಬಟನ್ ಒತ್ಲಾ?"

"ಒಂದು ಚಹಾಕ್ಕೋಸ್ಕರ ಅಜ್ಜಿ ಹೊಳೇನೇ ಆಫ್ ಮಾಡಿಬಿಟ್ರು!" ಎಂದ ಹಿಂದಿನ ಬೆಂಚಿನ ಫೌಸ್ತೊ. ಮತ್ತೆ ನಗು.

"ಒತ್ತಿ ಅಜ್ಜಿ. ಸುಲ್ಮಾ, ಬಂತಾ ನೋಡು," ಎಂದರು ಟೀಚರ್.

ಬಂತು. ಸುಲ್ಮಾ ರೂಢಿಯಂತೆ ಮೇಲ್ಬಾಣದ ಕೀ ಒತ್ತಿದಳು. ಒತ್ತಿದರೆ ಹಿಂದಿನ ಸಲ ಕೊನೆಗೆ ಟೈಪ್ ಮಾಡಿದ್ದು ಕಾಣುತ್ತದೆ.

ಕಂಡಿತು: ಪವರ್‌ಆಫ್.

ನಿನ್ನೆ ಬೆಲ್ ಹೊಡೆದಾಗ ಅವಳೇ ಕುಟ್ಟಿದ್ದು. ಅಣ್ಣನ ಹಾಗೆ ಟೈಪ್ ಮಾಡಿಯೇ ಲ್ಯಾಪ್‌ಟಾಪ್ ಆಫ್ ಮಾಡುವ ಜಂಬ. ಆದರೆ ಕಿಟಕಿ ಇನ್ನೂ ಹಳ್ಳಿಯ ಕಂಪ್ಯೂಟರಿನೊಳಗೇ ಇತ್ತು. ಇಲ್ಲಿನದು ಆರಲಿಲ್ಲ, ಅಲ್ಲಿನದು ಆರಿತು. ಅದು ಗೊತ್ತಾದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಓಡಿದ್ದಳು.

ಅಳಿಸುವ ಕೀ ಬೆರಳಿನ ಪಕ್ಕದಲ್ಲೇ ಇತ್ತು.

"ಬಂತಾ ಮಗಾ?" ಫೋನಿನಲ್ಲಿ ಅಜ್ಜಿ ಕೇಳಿದರು. "ನನ್ನಿಂದ ಏನೂ ಹಾಳಾಗ್ಲಿಲ್ಲ ತಾನೇ?"

ಸುಲ್ಮಾ ಎದ್ದು ಫೋನಿನ ಹತ್ತಿರ ಹೋದಳು. ಕಿವಿ ಬಿಸಿಯಾಗಿದ್ದವು.

"ಅಜ್ಜಿ... ನೀವು ಪ್ಲಗ್ ಕಿತ್ತಿಲ್ಲ. ನಾನೇ ಇಲ್ಲಿಂದ ಆಫ್ ಮಾಡ್ಬಿಟ್ಟೆ. ನಿನ್ನೇನೇ ಗೊತ್ತಾಗಿತ್ತು ನಂಗೆ."

ಈಗ ಯಾರೂ ನಗಲಿಲ್ಲ.

"ಹಾಗಾದ್ರೆ," ಎಂದರು ಅಜ್ಜಿ, "ಕೆಟಲ್ ಹಾಕ್ಕೊಳ್ಳಲಾ?"

ಅವಳನ್ನು ಕೇಳುತ್ತಿದ್ದರು, ಅಪ್ಪಣೆ ಕೇಳುವ ಹಾಗೆ. ಸುಲ್ಮಾಳಿಗೆ ತಲೆ ಎತ್ತಲಾಗಲಿಲ್ಲ.

"ಹಾಕ್ಕೊಳ್ಳಿ ಅಜ್ಜಿ."

ಟಕ್ ಎಂದು ಸ್ವಿಚ್ಚಿನ ಸದ್ದು. ಅರವತ್ತು ಕಿಲೋಮೀಟರ್ ಆಚೆ ಕೆಟಲಿನ ನೀರು ಮೆಲ್ಲಗೆ ಗುಂಯ್ ಎನ್ನತೊಡಗಿತು. ಕಪ್ಪು ಕಿಟಕಿಯಲ್ಲಿ ದಿನವೂ ಕಾಣುತ್ತಿದ್ದದ್ದು ಹೊಳೆಯ ಅಂಕಿ ಮಾತ್ರ; ಈ ಸದ್ದು ಒಂದು ದಿನವೂ ಕೇಳಿಸಿರಲಿಲ್ಲ.