ಫಕೀರಪ್ಪನ ಕಿಸೆ

ಕಪ್ಪತ ಪ್ರಾಂತೀಯ ಬ್ಯಾಂಕಿನ ಗದಗ ಕಚೇರಿಯ ಗೋಡೆಯ ಮೇಲೆ ಅಂದು ಬೆಳಿಗ್ಗೆ ಹನ್ನೊಂದಕ್ಕೆ ಒಂದು ನೀಲಿ ಗೆರೆ ಮೂಡಿತು. ಎಡಗಡೆಯ ಮೂಲೆಯಿಂದ ಹೊರಟು, ನಲವತ್ತು ವರ್ಷಗಳ ಏರಿಳಿತ ದಾಟಿ, 'ಇಂದು' ಎಂದು ಬರೆದಿದ್ದ ಜಾಗವನ್ನು ಹಾದು, ಇನ್ನೂ ಬಾರದ ಇಪ್ಪತ್ತು ವರ್ಷಗಳೊಳಗೆ ಯಾರ ಅಪ್ಪಣೆಯನ್ನೂ ಕೇಳದೆ ನುಗ್ಗಿತು. ಆಡಳಿತ ಮಂಡಳಿಯವರು ಚಪ್ಪಾಳೆ ತಟ್ಟಿದರು. ಅದು ಯಾವುದರ ಗೆರೆ ಎಂಬುದು ಅವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಗೊತ್ತಿರಲಿಲ್ಲ. ಮೇಲಕ್ಕೆ ಹೋಗುತ್ತಿತ್ತಲ್ಲ, ಅವರಿಗೆ ಅಷ್ಟು ಸಾಕಾಗಿತ್ತು.

ಹಿಂದಿನ ಸಾಲಿನ ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಫಕೀರಪ್ಪ ಕಳಸದನಿಗೂ ಗೊತ್ತಿರಲಿಲ್ಲ. ಆದರೆ ಅವನಿಗೆ ಕೇಳುವ ಧೈರ್ಯವಿತ್ತು. ಮೂವತ್ತೊಂದು ವರ್ಷ ಗದಗಿನ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ನಡೆದು ಪಿಗ್ಮಿ ಠೇವಣಿಯ ಹಣ ಕೂಡಿಸಿದವನು ಅವನು. ದಿನಕ್ಕೆ ಇನ್ನೂರು ರೂಪಾಯಿಯಂತೆ ನೂರನಲವತ್ತು ಅಂಗಡಿ, ಗಾಡಿ, ಬುಟ್ಟಿಗಳವರಿಂದ ಹಣ ಪಡೆದು ಚೀಟಿ ಹರಿದು ಕೊಡುವುದು, ನೂರಕ್ಕೆ ಮೂರು ರೂಪಾಯಿ ಕಮಿಷನ್ ತೆಗೆದುಕೊಳ್ಳುವುದು, ಇದೇ ಅವನ ಬದುಕು.

"ಮೇಡಮ್ಮಾರ, ಈ ಗೆರಿ ಏನ್ ಹೇಳ್ತೈತ್ರಿ?"

ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ವತ್ಸಲಾ ಇನಾಮದಾರ ನಕ್ಕರು. "ನಿಮ್ಮ ಗಳಿಕೆಯೊಳಗ ಮನಿ ಬಾಡಿಗಿ, ಹಾಲು, ಕಿರಾಣಿ, ಔಷಧ ಎಲ್ಲಾ ಹೋಗಿ ತಿಂಗಳ ಕಡೀಕ ಕಿಸೆದಾಗ ಒಂದಿಷ್ಟು ಉಳೀತದ ಅಲ್ಲಾ? ಯಾರೂ ಬಂದು ಕೇಳಲಾರದ ರೊಕ್ಕ. ಬ್ಯಾಂಕಿಗೂ ಅಂಥಾದ್ದು ಇರತದ. ಅದಕ್ಕ ಮುಕ್ತ ನಗದು ಹರಿವು ಅಂತೀವಿ. ಅದು ವರ್ಷದಿಂದ ವರ್ಷಕ್ಕ ಹ್ಯಾಂಗ ಹರಿದು ಬಂತು, ಮುಂದ ಹ್ಯಾಂಗ ಹರೀತದ ಅನ್ನೋದನ್ನ ನಮ್ಮ ಹರಿವುದರ್ಶಕ ತೋರಸ್ತದ."

ಹರಿವುದರ್ಶಕದ ಹೆಚ್ಚುಗಾರಿಕೆ ಬೇರೆಯೇ ಇತ್ತು. ಲೆಕ್ಕಿಗರು ವರ್ಷಕ್ಕೊಮ್ಮೆ ಕೂಡಿ ಕಳೆದು ಹೇಳುತ್ತಿದ್ದ ಒಂದು ಮೊತ್ತವನ್ನು ಅದು ಲಕ್ಷಾಂತರ ಎಳೆಗಳಾಗಿ ಬಿಡಿಸುತ್ತಿತ್ತು. ಪ್ರತಿ ಖಾತೆಯೂ ಒಂದು ಎಳೆ. ಯಾವ ಎಳೆ ಎಂದು ಕುಗ್ಗುತ್ತದೆ, ಯಾವುದು ಹಿಗ್ಗುತ್ತದೆ ಎಂಬುದನ್ನು ಹಳೆಯ ವರ್ತನೆಯಿಂದ ಕಲಿತು, ಎಲ್ಲವನ್ನೂ ಮತ್ತೆ ಹೊಸೆದು ನಾಳಿನ ಗೆರೆ ಎಳೆಯುತ್ತಿತ್ತು. ವತ್ಸಲಾ ಒಂದು ಗುಂಡಿ ಒತ್ತಿದಾಗ ನೂರನಲವತ್ತು ಎಳೆಗಳು ಮಾತ್ರ ಕೆಂಪಗೆ ಹೊಳೆದವು. ಅಷ್ಟೂ ನೆಟ್ಟಗಿದ್ದವು. ಆರು ಜಿಲ್ಲೆಗಳ ಲಕ್ಷಾಂತರ ಎಳೆಗಳಲ್ಲಿ ಅಷ್ಟು ನೆಟ್ಟಗಿನವು ಮತ್ತೆಲ್ಲೂ ಇರಲಿಲ್ಲ.

"ಇವು ನಿಮ್ಮ ಅಂಗಡಿಗಳು, ಫಕೀರಪ್ಪನವರೇ. ಮೂವತ್ತೊಂದು ವರ್ಷದೊಳಗ ಒಂದು ದಿನಾನೂ ತಪ್ಪಿಲ್ಲ. ಹ್ಯಾಂಗ ಮಾಡಿದಿರಿ?"

ಅಧ್ಯಕ್ಷ ಮುದಗಲ್ಲರು ಆಗಲೇ ಶಾಲು ಬಿಡಿಸಿ ನಿಂತಿದ್ದರು. ಫೋಟೋದವನು ಬೆಳಕು ಸರಿಮಾಡುತ್ತಿದ್ದ. ಫಕೀರಪ್ಪನಿಗೆ ನಿಜ ಹೇಳಲು ಇದ್ದದ್ದು ಅದೊಂದೇ ಗಳಿಗೆ. ಅವನು, "ಎಲ್ಲಾ ಶಿವನ ದಯಾರೀ," ಎಂದು ಕೊರಳು ಬಗ್ಗಿಸಿದ.

ನಿಜ ಇಷ್ಟೇ. ಯಾರಿಗಾದರೂ ಅಂದಿನ ವ್ಯಾಪಾರ ಆಗದಿದ್ದರೆ ಫಕೀರಪ್ಪ ತನ್ನ ಕಿಸೆಯಿಂದ ಇನ್ನೂರು ಹಾಕಿ ಚೀಟಿ ಹರಿಯುತ್ತಿದ್ದ. ಮರುದಿನ ಗಾಡಿಯ ಮುಂದೆ ನಿಂತು, ಮಕ್ಕಳ ಕ್ಷೇಮ ವಿಚಾರಿಸಿ, ಒಂದು ಬಜಿ ತಿಂದು, ನಾನೂರು ಪಡೆಯುತ್ತಿದ್ದ. ಇದು ಬ್ಯಾಂಕಿನ ನಿಯಮಕ್ಕೆ ವಿರುದ್ಧ. ಆದರೆ ಒಂದು ಕಂತು ತಪ್ಪಿದರೆ ಬಡ್ಡಿ ಮುರಿಯುವ ಬ್ಯಾಂಕಿನ ಚಾಳಿ ಅವನಿಗೆ ಗೊತ್ತಿತ್ತು, ಪೇಟೆಯವರ ಮುಖವೂ ಗೊತ್ತಿತ್ತು. ಯಾರೂ ಅವನ ಹಣ ಮುಳುಗಿಸಿರಲಿಲ್ಲ. ಎದುರಿಗೆ ಬಂದು ನಿಲ್ಲುವ ಮನುಷ್ಯನಿಗೆ ಇಲ್ಲ ಎನ್ನಲು ಅವರಿಗೆ ನಾಚಿಕೆಯಾಗುತ್ತಿತ್ತು.

ಶಾಲು ಹೊದಿಸಿದ ಎಂಟನೆಯ ದಿನಕ್ಕೆ ಅವನ ಕೆಲಸ ಹೋಯಿತು. ಇಷ್ಟು ನಿಯತ್ತಿನ ಗಿರಾಕಿಗಳ ಬಳಿ ಮನುಷ್ಯನನ್ನು ಕಳಿಸಿ ಕಮಿಷನ್ ಕೊಡುವುದು ವ್ಯರ್ಥ ಎಂದು ಹರಿವುದರ್ಶಕ ಹೇಳಿತು. ಇನ್ನು ಮುಂದೆ ದಿನಾ ಹತ್ತು ಗಂಟೆಗೆ ಅವರ ಖಾತೆಯಿಂದ ಇನ್ನೂರು ತಾನಾಗಿಯೇ ಕಳೆಯುತ್ತದೆ, ಮೂರು ಸಲ ತಪ್ಪಿದರೆ ವರ್ಷದ ಬಡ್ಡಿ ರದ್ದು ಎಂದು ಆದೇಶ ಬಂತು.

ತಿಂಗಳು ತುಂಬುವಷ್ಟರಲ್ಲಿ ಬಜಿ ಗಾಡಿಯ ಹುಸೇನಬಿ ಅವನ ಮನೆ ಹುಡುಕಿಕೊಂಡು ಬಂದಳು. "ಅಣ್ಣಾರ, ನನ್ನ ಬಡ್ಡಿ ಪೂರಾ ಹೋತ್ರಿ. ಮೂರು ದಿನ ಗಾಡಿ ಹಚ್ಚಲಿಲ್ಲ, ಮೈಯಾಗ ಜ್ವರ ಇತ್ತು. ನೀವಿದ್ದಾಗ ಎಂದೂ ಹಿಂಗ ಆಗಿದ್ದಿಲ್ಲ. ನಾವೇನು ತಪ್ಪು ಮಾಡೇವ್ರಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಫಕೀರಪ್ಪನಿಗೆ ತಡೆಯಲಾಗಲಿಲ್ಲ. ಅಂದೇ ಬ್ಯಾಂಕಿಗೆ ಹೋಗಿ ವತ್ಸಲಾರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಪೇಟೆಯವರ ಬಡ್ಡಿ ಕೊಡಿಸಿ, ಬೇಕಾದರೆ ನನಗೆ ಶಿಕ್ಷೆ ಕೊಡಿ ಎಂದ.

ವತ್ಸಲಾರ ಮುಖ ಅರಳಿತು. ಅವರ ಸಮೀಕರಣದಲ್ಲಿ ಒಂದು ತೂತು ಬಹಳ ದಿನದಿಂದ ಕಾಡುತ್ತಿತ್ತು, ಈಗ ಅದಕ್ಕೆ ಕಾರಣ ಸಿಕ್ಕಿತು. ಫಕೀರಪ್ಪನ ಸ್ವಂತ ಉಳಿತಾಯ ಖಾತೆಯನ್ನು ತೆರೆದು ನೋಡಿದರೆ, ಅವನು ಯಾವಾಗ ಎಷ್ಟು ಹಣ ತೆಗೆದಿದ್ದ ಎಂಬುದೆಲ್ಲ ಚೀಟಿಗಳಿಗೆ ಕರಾರುವಾಕ್ಕಾಗಿ ಹೊಂದಿಕೊಂಡಿತು.

"ಮತ್ತ ಅವರು ಮರುದಿನ ತಿರುಗಿ ಕೊಡ್ತಿದ್ರಲ್ರಿ!"

"ನೀವು ತೆಗೆದದ್ದು ಪುಸ್ತಕದಾಗ ಅದ. ಅವರು ಕೊಟ್ಟದ್ದು ನಿಮ್ಮ ಕಿಸೆಗೆ ಬಂದು, ಅಲ್ಲಿಂದ ಕಿರಾಣಿ ಅಂಗಡಿಗೆ ಹೋತು. ಅದನ್ನ ಯಂತ್ರ ಹ್ಯಾಂಗ ನೋಡಬೇಕು?" ವತ್ಸಲಾ ಮೆಲ್ಲಗೆ ಹೇಳಿದರು. "ಯಂತ್ರಕ್ಕ ಮರುಕ ಗೊತ್ತಿಲ್ಲ, ಫಕೀರಪ್ಪನವರೇ. ಮತ್ತ ಮತ್ತ ಆಗೋದು ಮಾತ್ರ ಗೊತ್ತು. ಮೂವತ್ತೊಂದು ವರ್ಷ ತಪ್ಪದ ರೊಕ್ಕ ಕೊಟ್ಟ ಕಿಸೆಗೆ ಅದು ಆಕರ ಅಂತದ."

ಗೋಡೆಯ ಮೇಲೆ ನೂರನಲವತ್ತು ಎಳೆಗಳ ಕೆಳಗೆ ನೂರನಲವತ್ತೊಂದನೆಯದು ಹೊಳೆಯಿತು. ಅದಕ್ಕೆ ಯಂತ್ರ 'ಆಕರ ಒಂದು' ಎಂದು ಹೆಸರಿಟ್ಟಿತ್ತು.

ಅಧ್ಯಕ್ಷರು ಶಿಕ್ಷೆ ಕೊಡಲಿಲ್ಲ. ಅವರು ದೊಡ್ಡ ಮನಸ್ಸಿನವರು, ವಕೀಲರನ್ನು ಕರೆಸಿದರು. ಪರರ ಕಂತನ್ನು ಒಮ್ಮೆ ತುಂಬಿದವನು ಆ ಖಾತೆ ಮುಗಿಯುವವರೆಗೂ ತುಂಬಲು ಬದ್ಧ ಎಂಬ 'ರೂಢಿಯ ಹೊಣೆ' ನಿಯಮ ತಯಾರಾಯಿತು. ಪೇಟೆಯವರ ಬಡ್ಡಿ ಮರಳಿ ಬಂತು. ಮೂರು ಸಲ ತಪ್ಪಿದರೆ ಬಡ್ಡಿ ಕಳೆಯುವ ದಂಡ ರದ್ದಾಯಿತು. ಹತ್ತು ಗಂಟೆಗೆ ಯಾರ ಖಾತೆಯಲ್ಲಿ ಇನ್ನೂರು ಇರುತ್ತಿರಲಿಲ್ಲವೋ ಅವರ ಪಾಲು ಅದೇ ಬ್ಯಾಂಕಿನಲ್ಲಿದ್ದ ಫಕೀರಪ್ಪನ ಠೇವಣಿಯಿಂದ ಕಳೆಯತೊಡಗಿತು.

ಆ ಠೇವಣಿಯಲ್ಲಿ ಒಂಬತ್ತು ಲಕ್ಷವಿತ್ತು. ಬೆಟಗೇರಿಯಲ್ಲಿ ಎರಡು ಕೋಣೆಯ ಒಂದು ಮನೆ ನೋಡಿ ಇಟ್ಟಿದ್ದ. ಗಂಡನ ಮನೆ ಬಿಟ್ಟು ಬಂದು ಆರು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದ ಮಗಳು ನೀಲಾಳ ಹೆಸರಿಗೆ ಅದನ್ನು ಬರೆಸಬೇಕು, ತಾನು ಸತ್ತ ಮೇಲೆ ಅವಳು ಯಾರ ಬಾಗಿಲಿಗೂ ಹೋಗಬಾರದು ಎಂಬುದೊಂದೇ ಅವನ ಆಸೆ.

ಮೊದಲು ದಿನಕ್ಕೆ ನಾಲ್ಕೈದು ಜನ ತಪ್ಪಿಸುತ್ತಿದ್ದರು. ಆಮೇಲೆ ಹನ್ನೆರಡು ಹದಿನೈದು ಜನ. ಈಗ ಎದುರಿಗೆ ಬಂದು ನಿಲ್ಲುವವರು ಯಾರೂ ಇರಲಿಲ್ಲ, ತಪ್ಪಿದರೆ ಯಾರೂ ಕೇಳುತ್ತಲೂ ಇರಲಿಲ್ಲ. ಫಕೀರಪ್ಪ ಪೇಟೆಗೆ ಹೋಗಿ ಕೈಮುಗಿದು ಹೇಳಿದ. ಅವರು ನಂಬಲಿಲ್ಲ. "ಏ, ಬಿಡ್ರಿ ಅಣ್ಣಾರ," ಎಂದು ಹುಸೇನಬಿಯೇ ನಕ್ಕಳು. "ನಮ್ಮ ಕಂತಿಗೂ ನಿಮ್ಮ ರೊಕ್ಕಕ್ಕೂ ಏನ್ ಸಂಬಂಧರೀ? ಬ್ಯಾಂಕಿನವ್ರು ದೇವರಂಥಾ ಮಂದಿ, ಮಾಫಿ ಮಾಡ್ಯಾರ. ಕೆಲಸ ಹೋದ ಸಿಟ್ಟಿಗೆ ನೀವು ಹಿಂಗ ಮಾತಾಡಬಾರದು." ಬಜಿ ಕೊಟ್ಟಳು. ಅವನು ತಿನ್ನದೆ ಎದ್ದು ಬಂದ.

ಹದಿಮೂರು ತಿಂಗಳಿಗೆ ಒಂಬತ್ತು ಲಕ್ಷ ತೊಳೆದು ಹೋಯಿತು. ಬೆಟಗೇರಿಯ ಮನೆಯನ್ನು ಯಾರೋ ಕೊಂಡರು. ಅಂದು ಗೋಡೆಯ ಮೇಲಿನ ನೀಲಿ ಗೆರೆ ಕೂದಲೆಳೆಯಷ್ಟು ಬಾಗಿತು. ಹರಿವುದರ್ಶಕ ಒಂದೇ ಸಾಲಿನ ಸಲಹೆ ಕೊಟ್ಟಿತು. ಆಕರ ಒಂದು ಬತ್ತಿದೆ, ಇಂಥವೇ ಬೇರೆ ಆಕರಗಳನ್ನು ಹುಡುಕಿರಿ.

ಬ್ಯಾಂಕು ಮತ್ತೆ ಪಿಗ್ಮಿ ಸಂಗ್ರಾಹಕರ ನೇಮಕಕ್ಕೆ ಜಾಹೀರಾತು ಕೊಟ್ಟಿತು. ಆರು ಜಿಲ್ಲೆಗೆ ಇನ್ನೂರು ಹುದ್ದೆ, ಒಳ್ಳೆಯ ಪಗಾರ. ಆಯ್ಕೆಗೆಂದು ವತ್ಸಲಾ 'ಮರುಕಮಾಪಕ' ಎಂಬ ಸಣ್ಣ ಉಪಕರಣ ಮಾಡಿದರು. ಯಾರದಾದರೂ ಸಂಕಟ ಕಂಡಾಗ ಮನುಷ್ಯನ ನಾಡಿ, ಉಸಿರು, ಬೆರಳ ತುದಿಯ ಬೆವರು ಹೇಗೆ ಬದಲಾಗುತ್ತವೆ ಎಂಬುದನ್ನು ಅದು ಅಳೆಯುತ್ತಿತ್ತು. ಅಳೆಯಲು ಒಂದು ಮಾನದಂಡ ಬೇಕಲ್ಲ? ಫಕೀರಪ್ಪನನ್ನು ದಿನಗೂಲಿಯ ಮೇಲೆ ಕರೆದು, ಗಾಜಿನ ಹಿಂದೆ ಕೂರಿಸಿ, ಬೆರಳಿಗೆ ತಂತಿ ಸಿಕ್ಕಿಸಿದರು. ಮನೆಯಲ್ಲಿ ಒಲೆ ಉರಿಯಬೇಕಿತ್ತು, ಅವನು ಒಪ್ಪಿದ.

ಪರೀಕ್ಷೆ ಸರಳವಾಗಿತ್ತು. ಬೆರಳಿಗೆ ಮಾಪಕದ ತಂತಿಯಿಲ್ಲದ ಉಂಗುರ ತೊಟ್ಟ ಅಭ್ಯರ್ಥಿಗಳು ಹೊರಗಿನ ಬೆಂಚಿನ ಮೇಲೆ ಕಾಯುತ್ತಿರುವಾಗ, ಬ್ಯಾಂಕು ಕೂಲಿ ಕೊಟ್ಟು ತಂದ ಒಬ್ಬ ಮುದುಕಿ ಬಂದು ಬಸ್ಸಿಗೆ ಐವತ್ತು ರೂಪಾಯಿ ಇಲ್ಲವೆಂದು ಅಳುತ್ತಿದ್ದಳು. ಮುಖ ತಿರುಗಿಸಿದವರಿಗೆ ನಮಸ್ಕಾರ ಹೇಳಿ ಕಳಿಸುತ್ತಿದ್ದರು. ಕಿಸೆಗೆ ಕೈ ಹಾಕಿದವರಿಗೆ ನೌಕರಿ.

ನಾಲ್ಕನೆಯ ದಿನದ ಪಟ್ಟಿಯಲ್ಲಿ ನೀಲಾ ಕಳಸದ ಎಂಬ ಹೆಸರಿತ್ತು. ಹಿಂದಿನ ದಿನ ಮುಂಜಾನೆಯೇ ಫಕೀರಪ್ಪ ಮಗಳಿಗೆ ತನಗೆ ಆದದ್ದನ್ನೆಲ್ಲ ಬಿಡಿಸಿ ಹೇಳಿದ್ದ.

"ಬ್ಯಾಡವ್ವಾ. ಒಮ್ಮೆ ಒಬ್ಬರ ಕಂತು ತುಂಬಿದ್ಯೋ, ಜನ್ಮಪೂರ್ತಿ ಹರಕೊಂಡು ತಿಂತಾರ."

"ನಾ ಯಾಕ ತುಂಬಲಿ? ನಾ ನಿನ್ನಂಗಲ್ಲಪ್ಪಾ, ಗಟ್ಟಿ ಅದೀನಿ. ಪಗಾರ ತಗೋತೀನಿ, ಮನಿಗೆ ಬರ್ತೀನಿ. ಹೊಲಿಗಿ ಮಾಡಿ ಎಷ್ಟು ದಿನ ಇಬ್ಬರ ಹೊಟ್ಟಿ ತುಂಬಸ್ಲಿ?"

"ಹಂಗಾದ್ರ ಅಲ್ಲಿ ಒಬ್ಬಾಕಿ ಮುದುಕಿ ಬರ್ತಾಳ. ಆಕಿ ಸುಳ್ಳು ಅಳ್ತಾಳ. ಏನೂ ಕೊಡಬ್ಯಾಡ. ನನ್ನ ಮ್ಯಾಲಿನ ಆಣಿ."

"ಕೊಡಂಗಿಲ್ಲ," ಎಂದಿದ್ದಳು ನೀಲಾ. ಕೊಡದಿದ್ದರೆ ನೌಕರಿಯೇ ಇಲ್ಲ ಎಂಬುದನ್ನು ಫಕೀರಪ್ಪ ಅವಳಿಂದ ಮುಚ್ಚಿಟ್ಟಿದ್ದ. ಅವಳು ನಪಾಸಾಗಿ, ಬೈದುಕೊಳ್ಳುತ್ತಾ, ಹೊಲಿಗೆ ಯಂತ್ರಕ್ಕೆ ಮರಳಲಿ ಎಂಬುದೇ ಅವನ ಲೆಕ್ಕವಾಗಿತ್ತು.

ಗಾಜಿನ ಆಚೆ ನೀಲಾ ಬೆಂಚಿನ ಮೇಲೆ ಕುಳಿತಿದ್ದಳು. ಮುದುಕಿ ಬಂದಳು, ಅತ್ತಳು. ನೀಲಾ ಕೈಚೀಲವನ್ನು ಎದೆಗೆ ಅವುಚಿಕೊಂಡು ಗೋಡೆ ನೋಡಿದಳು. ಹಂಗ ಕುಂಡ್ರವ್ವಾ ನನ್ನ ತಾಯಿ, ಕಲ್ಲಾಗಿ ಕುಂಡ್ರು ಎಂದು ಫಕೀರಪ್ಪ ಮನಸ್ಸಿನಲ್ಲೇ ಬೇಡಿಕೊಂಡ. ತಾನು ಹೆತ್ತ ಮಗಳು ಕಟುಕಳಾಗಲಿ ಎಂದು ಹರಕೆ ಹೊರುವ ಸ್ಥಿತಿ ಬಂತಲ್ಲ ಎಂದು ಅವನಿಗೆ ಅಳು ಬಂತು.

ಮುದುಕಿ ಮೂಗೊರೆಸಿಕೊಂಡು ಹೊರಟಳು. ನಾಲ್ಕು ದಿನದಿಂದ ನಿಂತು ಅತ್ತು ಅವಳ ಕಾಲು ನಿಜವಾಗಿಯೂ ಊದಿದ್ದವು. ಮೆಟ್ಟಿಲಿಳಿಯುವಾಗ ಕಟಕಟೆ ಹಿಡಿದು, ಸಣ್ಣಗೆ "ಯವ್ವಾ" ಎಂದಳು. ಅದನ್ನು ಬ್ಯಾಂಕು ಅವಳಿಗೆ ಕಲಿಸಿರಲಿಲ್ಲ.

ನೀಲಾ ಎದ್ದಳು. ಹಿಂದೆ ಹೋಗಿ ಮುದುಕಿಯ ತೋಳು ಹಿಡಿದು ಮೆಟ್ಟಿಲಿಳಿಸಿದಳು. ಚೀಲದಿಂದ ಮಡಚಿದ ನೋಟು ತೆಗೆದು ಅವಳ ಅಂಗೈಯಲ್ಲಿ ಒತ್ತಿದಳು. ಗಾಜಿನ ಹಿಂದಿದ್ದ ಮರುಕಮಾಪಕದ ಮುಳ್ಳು ಫಕೀರಪ್ಪನ ಗುರುತನ್ನು ದಾಟಿ ಮೇಲೆ ಹೋಯಿತು. ಅಧ್ಯಕ್ಷರು ಅವನ ಭುಜ ತಟ್ಟಿ, "ನಿಮಗಿಂತ ಒಂದು ಕೈ ಮ್ಯಾಲ ಅದಾಳಲ್ರೀ ನಿಮ್ಮ ಮಗಳು!" ಎಂದರು. ಗೋಡೆಯ ಮೇಲೆ ಒಂದು ಹೊಸ ಎಳೆ ಹೊಳೆಯಿತು. ನೀಲಾಳ ವಯಸ್ಸು ಕಡಿಮೆಯಿದ್ದ ಕಾರಣ ಯಂತ್ರ ಅದನ್ನು ಮುಂದಿನ ಮೂವತ್ತೆಂಟು ವರ್ಷಗಳವರೆಗೆ ಎಳೆಯಿತು.

ನೇಮಕ ಪತ್ರ ಹಿಡಿದು ನೀಲಾ ಓಡಿ ಬಂದಳು. ಆರು ವರ್ಷದಲ್ಲಿ ಅವಳ ಮುಖದಲ್ಲಿ ಅಂಥ ನಗು ಅವನು ಕಂಡಿರಲಿಲ್ಲ.

"ಅಪ್ಪಾ, ಸಹಿ ಮಾಡಿ ಕೊಟ್ಟೆ. ನೌಕರಿ ಸಿಕ್ತು! ಬಸ್ಸಿನ ರೊಕ್ಕ ಮಾತ್ರ ಆ ಮುದುಕಿಗೆ ಕೊಟ್ಟುಬಿಟ್ಟೆ, ಬೈಬ್ಯಾಡ. ನಿನ್ನ ಹಂತ್ಯಾಕ ಐತೇನು?"

ಫಕೀರಪ್ಪ ಕಿಸೆಗೆ ಕೈ ಹಾಕಿ ನೋಡಿದ. ಏನೂ ಇರಲಿಲ್ಲ. ಬಿಸಿಲು ಏರಿತ್ತು. ಅಪ್ಪ ಮಗಳು ಇಬ್ಬರೂ ಪೇಟೆಯ ಹಾದಿ ಹಿಡಿದು ಮನೆಗೆ ನಡೆದರು. ಯಾವ ಅಂಗಡಿಯಿಂದ ಕೆಲಸ ಶುರುಮಾಡಲಿ ಎಂದು ನೀಲಾ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು.