ಕಹಿಯಾಗಬೇಕಿದ್ದ ಗುಳಿಗೆ

ಟಿಣ್...

ಗಾಜಿನ ಬಾಟಲಿಯ ತಳಕ್ಕೆ ಒಂದು ಗುಳಿಗೆ ಬಿದ್ದ ಸದ್ದು. ಅಷ್ಟೇ!

ಇಮೆಲ್ಡಾ ಹಾಸಿಗೆಯಲ್ಲಿ ಎದ್ದು ಕುಳಿತಳು. ಕಾಪುವಿನ ಆ ಮನೆಯ ಮುಂಭಾಗವೇ ಅವಳ ಅಪ್ಪ ಡಾಕ್ಟರ್ ಜೋಕಿಮರ ಡಿಸ್ಪೆನ್ಸರಿ. ಇಷ್ಟು ಹೊತ್ತಿನಲ್ಲಿ ಅಲ್ಲಿ ಯಾರು?

ಚಿಮಿಣಿ ದೀಪ ಹಿಡಿದು ಬಾಗಿಲು ತಳ್ಳಿದಳು.

ಮದ್ದಿನ ಕಪಾಟಿನ ಮುಂದೆ ಅವನು ನಿಂತಿದ್ದ! ಬೆಂಜಮಿನ್. ಬೊಂಬಾಯಿಯ ವಿದೇಶಿ ಮದ್ದಿನ ಕಂಪೆನಿಯ ಪ್ರತಿನಿಧಿ. ಕೊನೆಯ ಬಸ್ಸು ತಪ್ಪಿತೆಂದು ಅಪ್ಪನೇ ಚಾವಡಿಯಲ್ಲಿ ಮಲಗಲು ಜಾಗ ಕೊಟ್ಟಿದ್ದರು. ಈಗ ಅವನ ಒಂದು ಕೈಯಲ್ಲಿ ಅಪ್ಪನ ಬಾಟಲಿ, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

"ಕಿರುಚಬೇಡಿ," ಎಂದ ಅವನು, ತೀರಾ ಮೆಲ್ಲಗೆ.

"ಸ್ಯಾಂಪಲ್ ಮಾರಿ ಹೊಟ್ಟೆ ಹೊರೆಯುವ ಪ್ರತಿನಿಧಿಗಳು ಇದ್ದಾರೆ ಅಂತ ಕೇಳಿದ್ದೆ. ಉಂಡ ಮನೆಯಿಂದಲೇ ಕದಿಯುವವರನ್ನು ಇವತ್ತು ನೋಡಿದೆ!"

ಅವನ ಮುಖ ಕೆಂಪಾಯಿತು. ಆದರೂ ಕಣ್ಣು ತಗ್ಗಿಸಲಿಲ್ಲ. "ನಾಳೆ ಅಪ್ಪನಿಗೆ ಹೇಳುವುದಾದರೆ ಹೇಳಿ. ನಿಮ್ಮ ಅತ್ತಿಗೆಗೆ ಮಾತ್ರ ಈ ಬಾಟಲಿಯ ಗುಳಿಗೆಯನ್ನೇ ಕೊಡಿ. ಅಷ್ಟು ಮಾಡಿ, ಸಾಕು."

ಒಳಗಿನಿಂದ ಅಪ್ಪನ ಕೆಮ್ಮು ಕೇಳಿತು. ನಡುರಾತ್ರಿ, ಪರಗಂಡಸಿನ ಎದುರು, ಕೈಯಲ್ಲಿ ದೀಪ... ಕಳ್ಳನಿಗೆ ಬರುವುದಕ್ಕಿಂತ ಕೆಟ್ಟ ಹೆಸರು ತನಗೇ ಬಂದೀತು! ದೀಪ ಊದಿ ಹಿಂದಕ್ಕೆ ನಡೆದಳು.

ನಿದ್ದೆ ಹತ್ತಲಿಲ್ಲ. ಸಂಜೆಯ ಊಟದ ಹೊತ್ತು ಕಣ್ಣ ಮುಂದೆ ಬಂತು.

ಈ ಮನೆಯಲ್ಲಿ ಜಪಸರ ಮುಗಿದ ಮೇಲೂ ಪ್ರಾರ್ಥನೆ ಮುಗಿಯುತ್ತಿರಲಿಲ್ಲ. ಸತ್ತವರಿಗೊಂದು, ಕಾಯಿಲೆಯವರಿಗೊಂದು 'ನಮೋ ಮರಿಯಾ' ಹೇಳುವುದು ಎಲ್ಲ ಮನೆಗಳ ರೂಢಿ. ಅಪ್ಪ ಬೆಂಜಮಿನ್‌ನ ಕಂಪೆನಿಯ ಷೇರು ಕೊಂಡ ದಿನದಿಂದ ಕಂಪೆನಿಯ ಏಳಿಗೆಗೂ ಒಂದು ಸೇರಿಕೊಂಡಿತ್ತು! ಪಾಪ, ಮರಿಯಮ್ಮನಿಗೆ ಮದ್ದಿನ ಮಾರಾಟವನ್ನೂ ನೋಡಿಕೊಳ್ಳುವ ಕೆಲಸ.

ಊಟಕ್ಕೆ ಕುಳಿತರೆ ಕಂಪೆನಿಯ ಅಧ್ಯಕ್ಷರ ವಾರ್ಷಿಕ ಭಾಷಣ. ಡಾಕ್ಟರು ಅದನ್ನು ಸುವಾರ್ತೆಯಂತೆ ಓದುತ್ತಿದ್ದರು. "ಮಾರಾಟ ಏರಿದೆ. ಲಾಭ ಇನ್ನೂ ಏರಿದೆ. ರಕ್ತದೊತ್ತಡಕ್ಕೆ, ನಿದ್ದೆಗೆ, ಗಂಟುನೋವಿಗೆ ಹೊಸ ಮದ್ದುಗಳು ಪ್ರಯೋಗಶಾಲೆಯಲ್ಲಿ ತಯಾರಾಗ್ತಾ ಉಂಟು... ಬಸುರಿಯರ ವಾಕರಿಕೆಯ ಗುಳಿಗೆ ಪೇಟೆಗೆ ಬಂದೇ ಬಿಟ್ಟಿತು! ನಮ್ಮ ಝೀಟಾ ಇವತ್ತು ಸುರು ಮಾಡಿದ್ದಾಳೆ. ಅಲ್ವಾ ಝೀಟಾ?"

"ವಿಷದ ಹಾಗೆ ಕಹಿ, ಪಪ್ಪಾ," ಎಂದಿದ್ದಳು ತುಂಬು ಸಂಕೋಚದ ಅತ್ತಿಗೆ. ಅವಳ ಗಂಡ ಬೊಂಬಾಯಿಯಲ್ಲಿ. ಮದುವೆಯಾಗಿ ವರ್ಷಗಳ ಮೇಲೆ ನಿಂತ ಮೊದಲ ಬಸಿರು ಅದು.

"ಡಾಕ್ಟರೇ, ಆ ಗುಳಿಗೆ ಸ್ವಲ್ಪ ಸಮಯ ಬಿಟ್ಟರೆ ಒಳ್ಳೆಯದಿತ್ತು," ಎಂದಿದ್ದ ಬೆಂಜಮಿನ್. "ಕಾರ್ಕಳದಲ್ಲಿ ಒಬ್ಬರಿಗೆ ಕಾಮಾಲೆ..."

"ಎಂತ ಮಾರಾಯ! ಮಾರುವವನೇ ಬೇಡ ಅಂದರೆ ಕೊಳ್ಳುವವನು ಎಂತ ಮಾಡುವುದು? ಕಾಮಾಲೆ ನೀರಿನಿಂದ ಬರುವುದು. ನಿನಗಿಂತ ನಿನ್ನ ಅಧ್ಯಕ್ಷರಿಗೆ ಹೆಚ್ಚು ಗೊತ್ತುಂಟು, ಉಣ್ಣು!"

ಎಲ್ಲರೂ ನಕ್ಕಿದ್ದರು. ಬಿ.ಎಸ್ಸಿ. ಓದಿದ ಇಮೆಲ್ಡಾಳೂ ನಕ್ಕಿದ್ದಳು. ಟೈ ಕಟ್ಟಿಕೊಂಡ ಬೊಂಬೆ! ಸ್ಯಾಂಪಲ್ ಹಿಂದೆ ತೆಗೆದುಕೊಂಡು ಪೇಟೆಯಲ್ಲಿ ಮಾರಲು ಹೊಸ ಉಪಾಯ ಹೂಡಿದ್ದಾನೆ... ಎಂದುಕೊಂಡಿದ್ದಳು.

ಬೆಳಗಾಗುವಾಗ ಅವನು ಮೊದಲ ಬಸ್ಸು ಹಿಡಿದು ಹೋಗಿದ್ದ.

"ಇವತ್ತು ಗುಳಿಗೆ ಕಹಿಯೇ ಇಲ್ಲ, ಇಮೆಲ್ಡಾ! ಅಭ್ಯಾಸ ಆಯ್ತು ಕಾಣುತ್ತದೆ," ಎಂದಳು ಝೀಟಾ.

ಇಮೆಲ್ಡಾ ಒಂದು ಗುಳಿಗೆಯನ್ನು ನಾಲಿಗೆಗೆ ತಾಗಿಸಿದಳು. ಸಿಹಿ! ಗ್ಲೂಕೋಸು! ಥೂ... ಬಸುರಿಯ ಮದ್ದು ಕದ್ದು ಸಕ್ಕರೆ ತುಂಬಿಸಿ ಹೋದನಲ್ಲ. ಕಳ್ಳತನದಲ್ಲೂ ಇಷ್ಟು ಕೀಳು ದರ್ಜೆಯೇ?

ಅಪ್ಪನಿಗೆ ಹೇಳಿದರೆ ರಾತ್ರಿಯ ವಿಷಯವೂ ಹೊರಬರುತ್ತದೆ. ತಾನೇ ಕೇಳಬೇಕು. ಅವನ ಮುಖದ ಮೇಲೆ ಕೇಳಬೇಕು!

ಇವತ್ತು ಮಣಿಪಾಲದ ಆಸ್ಪತ್ರೆಯಲ್ಲಿ ಕೆಲಸ ಉಂಟೆಂದು ಅವನು ಊಟದ ಹೊತ್ತು ಹೇಳಿದ್ದ. ಗೆಳತಿಯನ್ನು ನೋಡುವ ನೆಪ ಹೇಳಿ ಅಲ್ಲಿಗೆ ಹೋದಳು. ಆ ಬೋಳು ಗುಡ್ಡದ ಬಿಸಿಲಿನಲ್ಲಿ, ಬೆವರಿಗೆ ಒದ್ದೆಯಾದ ಟೈಗಳ ಸಾಲಿನಲ್ಲಿ, ಡಾಕ್ಟರರನ್ನು ಕಾಯುತ್ತ ಅವನೂ ಕುಳಿತಿದ್ದ. ಕಂಡೊಡನೆ ಎದ್ದು ಬಂದ.

ಅವಳು ಅಂಗೈ ಚಾಚಿದಳು. ಅದರಲ್ಲಿ ಗುಳಿಗೆ. "ರುಚಿ ನೋಡ್ತೀರಾ?"

"ಗ್ಲೂಕೋಸ್. ನಾನೇ ಹಾಕಿದ್ದು."

"ಹೇಳಲಿಕ್ಕೆ ನಾಚಿಕೆ ಇಲ್ಲವಾ ನಿಮಗೆ?"

"ಉಂಟು. ಅದಕ್ಕೇ ಬದಲಿಸಿದ್ದು." ಅವನು ಚರ್ಮದ ಚೀಲ ಎತ್ತಿಕೊಂಡ. "ಕಾರ್ಕಳದ ಬಸ್ಸು ಈಗ ಉಂಟು. ನೀವು ಮುಂದಿನ ಸೀಟಿನಲ್ಲಿ ಕೂತುಕೊಳ್ಳಿ, ನಾನು ಹಿಂದೆ. ನನ್ನ ಮಾತು ನಂಬುವುದು ಬೇಡ. ಬಂದು ನೋಡಿ."

ಹೋಗಬಾರದಿತ್ತು. ಆದರೂ ಹೋದಳು... ಸುಳ್ಳನ್ನು ಕೊನೆಯವರೆಗೂ ಅಟ್ಟಿಸಿಕೊಂಡು ಹೋಗುವ ಹಟ!

ಕಾರ್ಕಳದ ಹತ್ತಿರ ಕುಕ್ಕುಂದೂರಿನ ಒಂದು ಹಂಚಿನ ಮನೆ. ಜಗಲಿಯಲ್ಲಿ ಸುಗಂಧಿ ಎಂಬ ಹೆಂಗಸು ಗೋಡೆಗೊರಗಿ ಕುಳಿತಿದ್ದಳು. ಮೈ ಬತ್ತಿತ್ತು, ಕಣ್ಣಿನ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಬನ್ನಿ ಬಾಯಮ್ಮ. ಇವರ ತಂಗಿಯಾ?"

ಇಮೆಲ್ಡಾ ಜಗಲಿಯ ಅಂಚಿನಲ್ಲಿ ಕುಳಿತಳು.

"ವಾಂತಿ ನಿಲ್ಲಲಿಕ್ಕೆ ಡಾಕ್ಟರು ಹೊಸ ಗುಳಿಗೆ ಕೊಟ್ಟಿದ್ದರು. ವಾಂತಿ ನಿಂತಿತು. ಮತ್ತೆ ಮೈಯೆಲ್ಲ ಅರಸಿನ ಆಯಿತು. ಮಗು ಹೊಟ್ಟೆಯಲ್ಲೇ ಹೋಯಿತು..." ಸುಗಂಧಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವರು ಬರುವಾಗೆಲ್ಲ ಗ್ಲೂಕೋಸ್ ತಂದು ಕೊಡ್ತಾರೆ. ಯಾಕೆ ಅಂತ ಕೇಳಿದರೆ ಹೇಳುವುದಿಲ್ಲ."

ಇಬ್ಬರೂ ರಸ್ತೆಗೆ ಬಂದರು.

"ಆ ಡಾಕ್ಟರಿಗೆ ಗುಳಿಗೆ ಹೊಗಳಿ ಹೊಗಳಿ ಕೊಟ್ಟವನು ನಾನೇ," ಎಂದ ಬೆಂಜಮಿನ್. "ಬೊಂಬಾಯಿಗೆ ಹೋಗಿ ಹೇಳಿದೆ. 'ಬೇರೆ ಕಡೆಯಿಂದಲೂ ಇದೇ ದೂರು ಬಂದಿದೆ, ಷೇರುದಾರರ ಸಭೆ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರು' ಅಂದರು. ಸಭೆಯಲ್ಲಿ ಲಾಭ ಕೇಳಿ ಜನ ಚಪ್ಪಾಳೆ ತಟ್ಟಿದರಂತೆ! ನಾನು ಹೇಳಿದ ಮೇಲೆ ಉಳಿದ ಡಾಕ್ಟರುಗಳು ಗುಳಿಗೆ ಬಿಸಾಡಿದರು. ಒಬ್ಬರು ಮಾತ್ರ..."

"ನಕ್ಕರು," ಎಂದಳು ಇಮೆಲ್ಡಾ. "ಅವರ ಮಗಳೂ ನಕ್ಕಳು."

"ಬಾಟಲಿ ಖಾಲಿ ಮಾಡಿದರೆ ಅವರು ಮಂಗಳೂರಿನಿಂದ ಬೇರೆ ತರಿಸುತ್ತಿದ್ದರು. ತುಂಬಿದ ಹಾಗೆ ಕಾಣಬೇಕಿತ್ತು."

ಇಂಥವನನ್ನು ಕಳ್ಳ ಎಂದೆನಲ್ಲ! ಅವಳ ತಿರಸ್ಕಾರ ಎಲ್ಲಿಗೂ ಹೋಗಲಿಲ್ಲ, ಬರೇ ದಿಕ್ಕು ಬದಲಿಸಿತು. ಲಾಭಕ್ಕೆ ಚಪ್ಪಾಳೆ ತಟ್ಟಿದ ಆ ಕೈಗಳ ಕಡೆಗೆ. ಊಟದ ಮೇಜಿನ ಆ ಪಾರಾಯಣದ ಕಡೆಗೆ. ಸ್ವಲ್ಪ ತನ್ನ ಕಡೆಗೂ.

"ಈ ಚೀಲ ಇನ್ನೂ ಹೇಗೆ ಹೊರುತ್ತೀರಿ?"

"ನಿಮ್ಮ ಅತ್ತಿಗೆ ಹೆರುವವರೆಗೆ ಹೊರುತ್ತೇನೆ. ಬೇರೆಯವನು ಬಂದರೆ ಸಿಹಿ ಗುಳಿಗೆ ತರುವುದಿಲ್ಲ."

ಅವಳಿಗೆ ಅಳು ಬಂತು. ಬಸ್ಸು ಬಂದದ್ದು ಒಳ್ಳೆಯದಾಯಿತು.

ಅಲ್ಲಿಂದ ಮುಂದೆ ಬೆಂಜಮಿನ್ ತಂದ ಪ್ರತಿ ಬಾಟಲಿಯನ್ನೂ ಮೊದಲು ತೆರೆಯುವವಳು ಇಮೆಲ್ಡಾ. ಕಹಿಯೆಲ್ಲ ಎರ್ಮಾಳಿನ ಸಮುದ್ರಕ್ಕೆ. ಸಿಹಿ ಕಪಾಟಿಗೆ. ಕಪಾಟಿನ ಮುಂದೆ ಪಿಸುಮಾತು ಬೆಳೆಯಿತು, ಬೆರಳಿಗೆ ಬೆರಳು ತಾಗಿತು... ಇಬ್ಬರೂ ಬೆರಳನ್ನು ಬೇಗ ತೆಗೆಯುವುದನ್ನು ಮರೆಯತೊಡಗಿದರು.

ಝೀಟಾ ಗುಂಡು ಗಂಡುಮಗುವನ್ನು ಹೆತ್ತಳು. ಅದೇ ವಾರ ಬೆಂಜಮಿನ್ ಚೀಲವನ್ನು ಕಂಪೆನಿಗೆ ಹಿಂದಿರುಗಿಸಿ ಕಾರ್ಕಳದಲ್ಲಿ ಮದ್ದಿನ ಸಣ್ಣ ಅಂಗಡಿ ಇಟ್ಟ. ಆ ವರ್ಷದ ಭಾಷಣದಲ್ಲಿ ಒಂದು ಸಾಲಿತ್ತು: ವಾಣಿಜ್ಯ ಕಾರಣಗಳಿಂದ ವಾಕರಿಕೆಯ ಗುಳಿಗೆಯನ್ನು ನಿಲ್ಲಿಸಲಾಗಿದೆ.

"ಮೂರ್ಖರು!" ಎಂದರು ಡಾಕ್ಟರು. "ಅಷ್ಟು ಒಳ್ಳೆಯ ಗುಳಿಗೆ!"

ಮಗುವಿನ ಜ್ಞಾನಸ್ನಾನದ ಊಟದ ದಿನ ಮೊಮ್ಮಗನನ್ನು ತೊಡೆಯಲ್ಲಿಟ್ಟುಕೊಂಡು ನೆಂಟರಿಗೆಲ್ಲ ಅವರದ್ದೇ ಪ್ರವಚನ. "ನೋಡಿ, ಇವನು ಕಂಪೆನಿಯ ಪವಾಡ! ಹಳ್ಳಿಮದ್ದು ತಿಂದಿದ್ದರೆ ಹೀಗೆ ಗುಂಡಗೆ ಇರ್ತಿದ್ದನಾ?"

ಇಮೆಲ್ಡಾ ಹಂದಿಮಾಂಸದ ಪಾತ್ರೆ ಹಿಡಿದು ನಿಂತಿದ್ದಳು. ನಾಲಿಗೆಯ ತುದಿಯಲ್ಲಿ ನಿಜ ತುರಿಸುತ್ತಿತ್ತು.

ನೆಂಟರು ಹೋದ ಮೇಲೆ ಬೆಂಜಮಿನ್ ಬಂದ. ನೇರವಾಗಿ ಕೇಳಿದ.

ಡಾಕ್ಟರ ಹುಬ್ಬು ಮೇಲೇರಿತು. "ಕಂಪೆನಿ ಬಿಟ್ಟು ಅಂಗಡಿ ಇಟ್ಟವನಿಗೆ ನನ್ನ ಮಗಳಾ? ಏರುವ ಕಂಪೆನಿಯಿಂದ ಇಳಿದವನು ನೀನು. ತಲೆ ಸರಿ ಉಂಟಾ ನಿನಗೆ?"

ಈಗ ಹೇಳಿಬಿಡಲೇ? ನೀವು ಹೊಗಳುವ ಪವಾಡ ಬರೇ ಗ್ಲೂಕೋಸ್ ಎಂದು, ನಿಮ್ಮ ಗುಳಿಗೆಯೆಲ್ಲ ಎರ್ಮಾಳಿನ ಮೀನಿಗೆ ಹೋಯಿತು ಎಂದು... ಒಂದೇ ಮಾತಿಗೆ ಈ ಮನುಷ್ಯ ನೆಲಕ್ಕೆ ಬೀಳುತ್ತಾರೆ!

ಹಾಗೆ ಬಿದ್ದ ಮನುಷ್ಯ ಆಮೇಲೆ ಮಗಳನ್ನು ಕೊಡುತ್ತಾರೆಯೇ? ಅತ್ತಿಗೆಗೆ ಈ ಮನೆಯಲ್ಲಿ ನಿದ್ದೆ ಬಂದೀತೇ? ಇಮೆಲ್ಡಾ ಒಂದೊಂದೇ ಮಾತನ್ನು ತೂಗಿದಳು.

"ಪಪ್ಪಾ... ಅತ್ತಿಗೆ ತಿಂದ ಗುಳಿಗೆಯನ್ನು ಈ ಮನೆಗೆ ತಂದವರು ಯಾರು?"

ಡಾಕ್ಟರು ಬೆಂಜಮಿನ್‌ನನ್ನು ನೋಡಿದರು. ಮೊಮ್ಮಗನನ್ನು ನೋಡಿದರು. ಅವನು ಅವರ ಅಂಗಿಯ ಗುಂಡಿ ಚೀಪುತ್ತಿದ್ದ.

"ಅದು... ಹೌದು ಮಾರಾಯ್ತಿ. ಇವನು ತಂದದ್ದೇ." ಗಂಟಲು ಸರಿಮಾಡಿಕೊಂಡರು. "ಕೈಗುಣ ಉಂಟು ಇವನಿಗೆ. ಸರಿ, ಜಪಸರಕ್ಕೆ ಕೂತುಕೊಳ್ಳಿ. ಮತ್ತೆ ಮಾತಾಡುವ."

ಎಲ್ಲರೂ ದೇವರ ಪೀಠದ ಮುಂದೆ ಮೊಣಕಾಲೂರಿದರು. ಕೊನೆಗೆ ಡಾಕ್ಟರು ಕಣ್ಣು ಮುಚ್ಚಿ, "ಕಂಪೆನಿಯ ಹೊಸ ಮದ್ದುಗಳಿಗಾಗಿ ಒಂದು ನಮೋ ಮರಿಯಾ," ಎಂದರು.

ಬೆಂಜಮಿನ್ ಪಕ್ಕಕ್ಕೆ ಬಾಗಿದ. "ಎಂದಾದರೂ ಹೇಳ್ತೀರಾ ಇವರಿಗೆ?"

"ಇದು 'ನೀವು' ಎಂದು ಕರೆಯುವ ಹೊತ್ತಾ?"

ಅವನು ಮೆಲ್ಲಗೆ ನಕ್ಕ. "ಹೇಳ್ತೀಯಾ ಇಮೆಲ್ಡಾ?"

ಅವಳು ಅಪ್ಪನ ಬಾಗಿದ ಬೋಳುತಲೆ ನೋಡಿದಳು. ಅಧ್ಯಕ್ಷರಿಗೂ ಮರಿಯಮ್ಮನಿಗೂ ಒಂದೇ ಭಕ್ತಿಯಿಂದ ತಗ್ಗುವ ತಲೆ. ನಗು ಬಂತು, ಕನಿಕರವೂ ಬಂತು. ಇಲ್ಲ. ಇವರಿಗೂ ಇಲ್ಲ, ಅತ್ತಿಗೆಗೂ ಇಲ್ಲ, ಪಾಪನಿವೇದನೆಯಲ್ಲಿ ಪಾದ್ರಿಗಳಿಗೂ ಇಲ್ಲ... ಇದು ಪಾಪವೇ ಅಲ್ಲವಲ್ಲ!

"ಯಾರಿಗೂ ಇಲ್ಲ," ಎಂದಳು. ಕೈಯಲ್ಲಿದ್ದ ಜಪಮಾಲೆಯ ಇನ್ನೊಂದು ತುದಿಯನ್ನು ಯಾರಿಗೂ ಕಾಣದಂತೆ ಅವನ ಬೆರಳಿಗೆ ಸುತ್ತಿ, ಎಲ್ಲರಿಗಿಂತ ಗಟ್ಟಿಯಾಗಿ 'ನಮೋ ಮರಿಯಾ' ಹೇಳತೊಡಗಿದಳು.