ಸಾಸಿವೆ ಹೊಲದ ಚರಗ

ಹಾಲೇಶ ನನ್ನನ್ನು ನೋಡಿ ನಗಲಿಲ್ಲವೆಂದು ನಾನು ಅವನ ಮೇಲೆ ಕಂಪ್ಲೇಂಟ್ ಬರೆದಿದ್ದೆ. ಇವತ್ತಿಗೂ ನೆನೆದರೆ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.

ಆಗ ನಾನು ಸವಣೂರಿನಿಂದ ದಿನಾ ಬಸ್ಸು ಹಿಡಿದು, ದುಂಡಸಿಯ ಆಚೆ ಮುಚ್ಚಿಹೋಗಿದ್ದ ಮ್ಯಾಂಗನೀಸ್ ಗಣಿಗೆ ಬರುತ್ತಿದ್ದೆ. ಮಣ್ಣು ಪರೀಕ್ಷೆ ನನ್ನ ಕೆಲಸ. ಕಾವಲು ಕಾಯುವುದು, ಗಿಡಕ್ಕೆ ನೀರು ಬಿಡುವುದು ಹಾಲೇಶನದು. ಕಪ್ಪು ಧೂಳು ಮುಚ್ಚಿದ ಆ ಹತ್ತು ಎಕರೆಯನ್ನು ಸ್ವಚ್ಛ ಮಾಡಿ, ಮೇವು ಬೆಳೆದುಕೊಳ್ಳಲು ಊರ ಹೆಂಗಸರ ಸಂಘಕ್ಕೆ ಕೊಡಬೇಕಿತ್ತು.

ಮೊದಲ ದಿನ ಗೇಟಿನಲ್ಲಿ ನಮಸ್ಕಾರ ಎಂದೆ. ಅವನು ಗೋಡೆಯ ಹಾಗೆ ನಿಂತಿದ್ದ. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ, ಕಾವಲುಗಾರನಿಗೆ ಸೊಕ್ಕು ಹೆಚ್ಚು ಎಂದು ಆಫೀಸಿಗೆ ಬರೆದುಹಾಕಿದೆ.

ಅವನ ತಾಯಿ ಸಿದ್ದವ್ವ ನನ್ನನ್ನು ಹುಡುಕಿಕೊಂಡು ಬಂದಳು.

"ಒಂಬತ್ತು ವರ್ಷ ಇದ ಗಣ್ಯಾಗ ಕಲ್ಲು ಪುಡಿ ಮಾಡೋ ಶೆಡ್ಡಿನ್ಯಾಗ ದುಡದಾನ್ರಿ ಯವ್ವಾ. ಆ ಧೂಳು ತಲಿಗೆ ಏರೈತಿ ಅಂದ್ರು ಹುಬ್ಬಳ್ಳಿ ಡಾಕ್ಟರು. ಮಾರಿ ಸೆಟದ ಹೋಗೈತಿ. ನೀವು ಬಂದ ದಿನಾ ಮನ್ಯಾಗ ನಿಮ್ಮದ ಮಾತು. ನಗಾಕ ಬರಂಗಿಲ್ಲ, ಅಷ್ಟ."

ಮರುದಿನ ಕ್ಷಮೆ ಕೇಳಿದೆ. ಅವನು ನಿಧಾನವಾಗಿ, ಏರಿಳಿತವಿಲ್ಲದ ದನಿಯಲ್ಲಿ ಹೇಳಿದ: "ಕಂಪ್ಲೇಂಟ್ ನನಗೂ ತೋರಿಸಿದ್ರು ಮೇಡಂ. ಅಕ್ಷರ ಭಾಳ ಚಂದ ಅದಾವ."

ನಾನು ನಕ್ಕುಬಿಟ್ಟೆ. ಅವನ ಮುಖದಲ್ಲಿ ಏನೂ ಕದಲಲಿಲ್ಲ. ಕಣ್ಣು ಮಾತ್ರ ಒಮ್ಮೆ ನನ್ನ ಜಡೆಯವರೆಗೆ ಹೋಗಿ, ಸಿಕ್ಕಿಬಿದ್ದು, ನೆಲಕ್ಕಿಳಿಯಿತು. ಅಲ್ಲಿಂದಾಚೆ ನಾನು ಆ ಕಣ್ಣುಗಳನ್ನೇ ಓದತೊಡಗಿದೆ. ಮಣ್ಣಿಗಿಂತ ಅದಕ್ಕೇ ಹೆಚ್ಚು ಹೊತ್ತು ಹೋಗುತ್ತಿತ್ತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ಮಳೆಗಾಲದ ಕೊನೆಗೆ ಸಾಸಿವೆ ಹಾಕಿದೆವು. ಅದು ಮಣ್ಣಿನ ವಿಷವನ್ನು ಬೇರಿನಿಂದ ಹೀರಿ ಎಲೆಗೆ ತರುತ್ತದೆ. ಬೆಳೆದ ಮೇಲೆ ಬುಡಸಮೇತ ಕಿತ್ತು, ಚೀಲ ಕಟ್ಟಿ ದೂರ ಸಾಗಿಸಬೇಕು. ಒಂದೆಲೆಯನ್ನೂ ಯಾರೂ ತಿನ್ನಬಾರದು, ದನಕ್ಕೂ ಹಾಕಬಾರದು. ಬೋರ್ಡು ನಿಲ್ಲಿಸಿದ್ದೆವು. ಸೀಗಿ ಹುಣ್ಣಿಮೆಯ ಲೆಕ್ಕ ಮಾತ್ರ ನನ್ನ ತಲೆಯಲ್ಲಿರಲಿಲ್ಲ.

ಬೆಳೆ ಹೊತ್ತ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬ ಹಬ್ಬ ಅದು. ಇಪ್ಪತ್ತು ವರ್ಷ ಹಸಿರು ಕಾಣದ ನೆಲ ಹಸಿರಾಗಿದೆ, ಊರವರು ಸುಮ್ಮನಿರುತ್ತಾರೆಯೇ? ಹೆಂಗಸರು ಬುಟ್ಟಿ ಹೊತ್ತು ಬಂದು, ಸಾಲಿನಲ್ಲೆಲ್ಲ ಭೂಮಿಯ ಪಾಲಿನ ಎಡೆಯಾದ ಚರಗದ ಅನ್ನ ಚೆಲ್ಲಿ, ಅಲ್ಲೇ ಊಟಕ್ಕೆ ಕುಳಿತಿದ್ದರು. ನಾನು ಹೋಗುವಷ್ಟರಲ್ಲಿ ಸಿದ್ದವ್ವ ಒಂದು ಹಿಡಿ ಎಳೆ ಸಾಸಿವೆ ಸೊಪ್ಪನ್ನು ರೊಟ್ಟಿಯಲ್ಲಿ ಸುತ್ತಿ ಬಾಯಿಗೆ ಒಯ್ಯುತ್ತಿದ್ದಳು. ಓಡಿಹೋಗಿ ಕೈಯಿಂದ ಬಡಿದು ಕೆಡವಿದೆ.

"ಭೂಮಿತಾಯಿ ಮುಂದ ಅನ್ನ ಕೆಡವಿದ್ಲು," ಎಂದರು ಯಾರೋ. ಎಲ್ಲರೂ ಎದ್ದುಹೋದರು. ಸಿದ್ದವ್ವ ನನ್ನತ್ತ ನೋಡಲೂ ಇಲ್ಲ.

ಹಾಲೇಶ ಆ ರೊಟ್ಟಿಯನ್ನು ಎತ್ತಿ ಚೀಲಕ್ಕೆ ಹಾಕಿದ. "ನೀವು ಮಾಡಿದ್ದು ಬರೋಬ್ಬರಿ ಐತ್ರಿ. ಅವ್ವಗ ನಾ ಹೇಳ್ತೇನಿ."

ಅವನ ಕೈ ನಡುಗುತ್ತಿತ್ತು. ಹಿಡಿದುಕೊಂಡೆ. ಅವನು ಬಿಡಿಸಿಕೊಳ್ಳಲಿಲ್ಲ.

"ನನ್ನ ಮದುವಿ ಆಗ್ರಿ," ಎಂದೆ. "ನಮ್ಮ ಮನ್ಯಾಗ ನಮ್ಮವ್ವಗ ಹೇಳೇನಿ. ಎಂಟು ದಿನಾ ಆತು, ನನ್ನ ಜೋಡಿ ಮಾತು ಬಿಟ್ಟಾಳ."

"ಬ್ಯಾಡ್ರಿ."

"ಮನಸಿಲ್ಲೇನು?"

"ಐತಿ. ಅದಕ್ಕ ಬ್ಯಾಡ." ಸಾಸಿವೆಯ ಸಾಲಿನತ್ತ ನೋಡಿದ. "ಈ ನೆಲದ ವಿಷಾನ ಸಾಸಿವಿ ಎಳಕೊಂಡು ಹೋಗತೈತಿ. ನನ್ನ ತಲ್ಯಾಗಿಂದನ್ನ ಯಾವ ಗಿಡಾನೂ ಎಳ್ಯಂಗಿಲ್ಲ. ಇವತ್ತು ಕೈ, ನಾಳೆ ಕಾಲು, ಆಮ್ಯಾಲ ಮಾತು. ನೀವು ನನಗ ತುತ್ತು ಮಾಡಿ ಉಣಸೂದನ್ನ ನಾ ನೋಡಬೇಕೇನ್ರಿ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ಅವನೆದುರೇ ಮುಗಿಸಿದೆ. ಅವನ ಮುಖ ಹಾಗೇ ಇತ್ತು. ಅದರ ಮೇಲೆ ನೀರು ಇಳಿಯುತ್ತಿತ್ತು.

ಆಮೇಲೆ ನಾವು ಕೆಲಸದ ಮಾತಷ್ಟೇ ಆಡಿದೆವು. ಮೂರು ಬೆಳೆ ಕಿತ್ತ ಮೇಲೆ ವರದಿ ಬಂತು: ಮೇವು ಬೆಳೆಯಲು ನೆಲ ಯೋಗ್ಯ. ನನ್ನ ಕಾಂಟ್ರಾಕ್ಟೂ ಮುಗಿಯಿತು. ಸಂಘದವರು ಮೇವಿನ ಜೋಳ ಬಿತ್ತಿದರು. ಮರುವರ್ಷದ ಸೀಗಿ ಹುಣ್ಣಿಮೆಗೆ ಸಿದ್ದವ್ವನೇ ಫೋನ್ ಮಾಡಿದಳು. "ಬರ್ರಿ ಯವ್ವಾ. ಈ ಸಲ ಏನೂ ಕೆಡವಬ್ಯಾಡ್ರಿ," ಎಂದಳು.

ಮೊದಲ ಚರಗ ಹಾಲೇಶನೇ ಚೆಲ್ಲಲಿ ಎಂದು ಹೆಂಗಸರು ನಿಶ್ಚಯಿಸಿದ್ದರು. ಮುಂದೆ ಹೋಗುವವರು ಚರಗ ಚೆಲ್ಲಿ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದೆ ನೀರಿನ ತಂಬಿಗೆ ಹಿಡಿದವರು "ಸಲಾಂಬ್ರಿಗೋ" ಎಂದು ಓಗೊಡಬೇಕು. ಅವರು ಅದೇ ಮನೆಯವರಾಗಿರಬೇಕು ಎನ್ನುವುದು ಸಿದ್ದವ್ವನ ಮನೆಯ ಪದ್ಧತಿ.

ಹಾಲೇಶನ ಹೆಜ್ಜೆಗಳು ಗಿಡ್ಡವಾಗಿದ್ದವು. ದನಿ ತೀರ ಇಳಿದಿತ್ತು.

"ಹುಲ್ಲುಲ್ಲಿಗೋ," ಎಂದ.

ಹಿಂದೆ ನಿಂತಿದ್ದ ಸಿದ್ದವ್ವ ಬಾಯಿ ಬಿಡಲಿಲ್ಲ. ನನ್ನ ಕೈಗೆ ತಂಬಿಗೆ ಕೊಟ್ಟಳು. ಮಗನ ಬೆನ್ನನ್ನು ನೋಡುತ್ತ, "ನಾ ಎಷ್ಟು ದಿನಾ ಕೂಗಲಿ?" ಎಂದಳು.

"ಸಲಾಂಬ್ರಿಗೋ," ಎಂದೆ ನಾನು.

ಅವನು ನಿಂತ. ತಿರುಗಲು ಈಗ ಅವನಿಗೆ ಹೊತ್ತು ಹಿಡಿಯುತ್ತದೆ, ತಿರುಗಲಿಲ್ಲ.

"ಅದನ್ನ ಮನಿಯವರು ಕೂಗಬೇಕ್ರಿ."

"ಗೊತ್ತದ. ಮುಂದ ನಡೀರಿ."

"ಭಾಳ ದಿನಾ ನಡ್ಯಾಕ ಆಗಂಗಿಲ್ಲ ಸುಮೇಧಾ."

ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಆಗೂಮಟಾ ನಡೀರಿ."

ಅವನು ನಡುಗುವ ಕೈಯನ್ನು ಬುಟ್ಟಿಗೆ ಹಾಕಿದ. ಅರ್ಧ ಅನ್ನ ಅವನ ಕಾಲ ಮೇಲೆಯೇ ಬಿತ್ತು. ಮತ್ತೆ, ನನಗೊಬ್ಬಳಿಗೇ ಕೇಳುವಷ್ಟು ದನಿಯಲ್ಲಿ, ಎರಡನೆಯ ಸಲ ಕೂಗಿದ.